ಅವನು ಮಾತು ಕೇಳಲ್ಲ ಅಂದೆಯಲ್ಲ, ಅದಕ್ಕೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿದೆ. ಜೈಲಿನ ಹುಡುಗರಿಗೆ ಪಾಠ ಹೇಳಲು ಹೋಗಿ ಎರಡು ತಿಂಗಳಾಗಿಲ್ಲ, ಆಗಲೇ ಸೋತಿದ್ದೀಯ. 'ಆ ಹುಡುಗ ಬೇಕಂತಲೇ ಮಾತು ಕೇಳಲ್ಲ, ನಿನ್ನೆ ಹೇಳಿದ್ದು ಇವತ್ತು ನೆನಪಿಲ್ಲ ಅಂತಾನೆ, ಇದ್ದಕ್ಕಿದ್ದಂತೆ ರೇಗ್ತಾನೆ' ಅಂತ ಬರೆದಿದ್ದೀಯ. ಅವನ ತಲೆಗೆ ಯಾವತ್ತಾದರೂ ಪೆಟ್ಟು ಬಿದ್ದಿತ್ತಾ ಅಂತ ಯಾರಾದರೂ ಕೇಳಿದ್ದಾರಾ?

ನಾನೂ ಕೇಳುತ್ತಿರಲಿಲ್ಲ. ನನ್ನ ತರಗತಿಗೆ ಹತ್ತೊಂಬತ್ತರ ಹುಡುಗನೊಬ್ಬ ಬರುತ್ತಿದ್ದ. ಒಂದು ಸಾಲು ಬರೆಯುವಷ್ಟರಲ್ಲಿ ಟ್ಯೂಬ್‌ಲೈಟಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಕಬ್ಬಿಣದ ಗೇಟು ದಡಾರ್ ಅಂದಾಗಲೆಲ್ಲ ಪೆನ್ಸಿಲ್ ಬೀಳಿಸುತ್ತಿದ್ದ. ಮೈಗಳ್ಳ ಅಂದುಕೊಂಡು ಒಂದು ದಿನ ಜೋರಾಗಿ ಬೈದೆ. ಅವನು ನನ್ನ ಬೆರಳು ಹಿಡಿದು ಕಿವಿಯ ಹಿಂದೆ, ಕೂದಲೊಳಗೆ ಇಟ್ಟ. ಅಲ್ಲಿ ಒಂದು ತಗ್ಗು. 'ಒಂಬತ್ತು ವರ್ಷದವನಿದ್ದಾಗ ಅಪ್ಪ ಗೋಡೆಗೆ ಹೊಡೆಸಿದ್ದು. ಎಚ್ಚರ ಬಂದಾಗ ಕತ್ತಲಾಗಿತ್ತು' ಅಂದ. ಅವತ್ತು ಪಾಠ ಮುಂದುವರಿಯಲಿಲ್ಲ.

ಆಮೇಲೆ ಹುಡುಕಿ ಓದಿದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಇಂಗ್ಲೆಂಡಿನ ಸಂಶೋಧಕರು ಅಪರಾಧ ಮಾಡಿದ್ದ 11ರಿಂದ 19 ವರ್ಷದ 186 ಹುಡುಗರನ್ನು ಮಾತಾಡಿಸಿದ್ದರು. ಅವರಲ್ಲಿ ಶೇ 46ರಷ್ಟು ಮಂದಿ, ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿತ್ತು ಅಂದಿದ್ದರು. ಮೂರು ಅಥವಾ ಅದಕ್ಕಿಂತ ಜಾಸ್ತಿ ಪೆಟ್ಟು ತಿಂದವರ ಅಪರಾಧಗಳಲ್ಲಿ ಹಿಂಸೆಯೂ ಜಾಸ್ತಿ ಇತ್ತು.

ಪೆಟ್ಟು ಬಿದ್ದವರೆಲ್ಲ ತಪ್ಪು ಮಾಡುತ್ತಾರೆ ಅಂತಲ್ಲ, ಮಾಡಿದ ತಪ್ಪು ಮಾಫಿ ಅಂತಲೂ ಅಲ್ಲ. ಆದರೆ ಸಿಟ್ಟನ್ನು ತಡೆಯೋದು, ಮುಂದೇನಾದೀತು ಅಂತ ಯೋಚಿಸೋದು, ಇವೆಲ್ಲ ಹಣೆಯ ಹಿಂದಿರುವ ಮೆದುಳಿನ ಭಾಗದ ಕೆಲಸ. ಅದು ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ತಲೆ ಜೋರಾಗಿ ಅಲುಗಿದರೆ ಮೊದಲು ಏಟು ತಿನ್ನುವ ಜಾಗಗಳಲ್ಲಿ ಅದೂ ಒಂದು. ಇನ್ನೂ ಬೆಳೆಯುತ್ತಿರುವಾಗಲೇ ಪೆಟ್ಟು ಬಿದ್ದರೆ, ಅದರ ಪರಿಣಾಮ ಎಷ್ಟೋ ವರ್ಷ ಬಿಟ್ಟು ಕಾಣಿಸಬಹುದು. ಆಗ ಹಳೇ ಗಾಯದ ನೆನಪು ಯಾರಿಗಿರುತ್ತೆ? ಸ್ಕ್ಯಾನ್ ಮಾಡಿಸಿದರೂ ಎಷ್ಟೋ ಸಲ ಎಲ್ಲ ಸರಿ ಇದೆ ಅಂತಲೇ ಬರುತ್ತದೆ. ಪಟ್ಟಿ ಕಟ್ಟಿದ ಕೈ ಕಂಡರೆ ಎಲ್ಲರೂ ದಾರಿ ಬಿಡ್ತಾರೆ. ಇದು ಕಾಣೋದೇ ಇಲ್ಲವಲ್ಲ.

ಅದಕ್ಕೇ ಜೈಲು ಇಂಥವರಿಗೆ ಎರಡು ಪಟ್ಟು ಕಷ್ಟ. ದಿನವಿಡೀ ಗದ್ದಲ, ನಿದ್ದೆ ಸರಿಯಿಲ್ಲ, ಒಂದೇ ಉಸಿರಿಗೆ ನಾಲ್ಕು ಆರ್ಡರ್. 'ಎದ್ದೇಳು, ಹಾಸಿಗೆ ಮಡಚು, ಚೀಟಿ ತಗೊಂಡು ಸಾಲಲ್ಲಿ ನಿಲ್ಲು' ಅಂದರೆ ಅವನು ಎದ್ದು ನಿಲ್ತಾನೆ, ಅಷ್ಟೇ. ಉಳಿದದ್ದು ಮರೆತುಹೋಗಿರುತ್ತೆ. ಅದಕ್ಕೆ ಸೊಕ್ಕು ಅಂತ ಹೆಸರು, ಮೇಲೊಂದು ಶಿಕ್ಷೆ. ನನಗೆ ಅತ್ಯಂತ ಸಂಕಟ ಆಗೋದು ಇಲ್ಲೇ ಕಣೋ.

ನೀನು ಕೇಳುವಾಗ 'ಮೆದುಳಿಗೆ ಗಾಯ ಆಗಿತ್ತಾ' ಅನ್ನಬೇಡ. ಇಲ್ಲ ಅಂತಾನೆ. 'ಯಾವತ್ತಾದರೂ ಬಿದ್ದು, ಹೊಡೆತ ತಿಂದು ಎಚ್ಚರ ತಪ್ಪಿದ್ದಿದೆಯಾ? ಎಷ್ಟು ಸಲ?' ಅಂತ ಕೇಳು. ಪಕ್ಕದಲ್ಲಿ ಬೇರೆ ಹುಡುಗರು ಇರಬಾರದು. ಹೌದು ಅಂದರೆ ಅಲ್ಲಿನ ಡಾಕ್ಟರಿಗೆ ಬರೆದು ಕೊಡು, ಬರೀ ಬಾಯಲ್ಲಿ ಹೇಳಿದರೆ ಸಾಲದು. ಪಾಠ ಹತ್ತೇ ನಿಮಿಷ ಮಾಡು, ನಡುವೆ ಬಿಡುವು ಕೊಡು. ಒಂದು ಸಲಕ್ಕೆ ಒಂದೇ ಕೆಲಸ ಹೇಳು, ಚೀಟಿಯಲ್ಲೂ ಬರೆದುಕೊಡು. ನನ್ನ ಹುಡುಗ ಆ ಚೀಟಿಗಳನ್ನು ಅಂಗಿ ಜೇಬಿನಲ್ಲಿ ಮಡಚಿ ಇಟ್ಟುಕೊಳ್ಳುತ್ತಿದ್ದ. ಆಮೇಲಾಮೇಲೆ ತಾನೇ ಬರೆಯಲು ಶುರು ಮಾಡಿದ.

ಅವನನ್ನು ಗೇಟಿನಿಂದ ದೂರ ಕೂರಿಸು. ಕೇಳಿದ ಮೇಲೆ ಏನಂದ ಅಂತ ನನಗೆ ಬರಿ.

ನಿನ್ನ
ಗೆಳೆಯ