ಸ್ಟುಡಿಯೋ ಇಡುವ ಮೊದಲು ಪಂಚಾಂಗ ತೆಗೆದು ನೋಡು

ಪ್ರಿಯ ರಾಘು,

ಸಾಗರದಲ್ಲಿ ಸ್ಟುಡಿಯೋ ಇಡುತ್ತೇನೆ, ಮದುವೆ ಆರ್ಡರನ್ನೂ ಹಿಡಿಯುತ್ತೇನೆ ಎಂದು ಬರೆದಿದ್ದೀಯ. ಯಾವ ಕ್ಯಾಮೆರಾ ಕೊಳ್ಳಲಿ ಎನ್ನುವುದು ನಿನ್ನ ಮೊದಲ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಂಚಾಂಗವನ್ನೂ ಮಕ್ಕಳ ಶಾಲೆಯ ರಜಾಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೀನು, ಲತಾ ಇಬ್ಬರೂ ಕೂತು ನೋಡಿ.

ಮುಹೂರ್ತಗಳು ದಟ್ಟವಾಗಿರುವುದು ಮಾಘದಿಂದ ಜ್ಯೇಷ್ಠದವರೆಗೆ, ಆಮೇಲೆ ಕಾರ್ತಿಕ, ಮಾರ್ಗಶಿರದಲ್ಲಿ. ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್-ಮೇನಲ್ಲಿ. ಅವರು ಮನೆಯಲ್ಲಿರುವ ಹೊತ್ತಿಗೇ ನೀನು ಛತ್ರದಲ್ಲಿರುತ್ತೀಯ. ಆಷಾಢ ಬಂದು ನಿನ್ನ ಕೈ ಖಾಲಿಯಾದಾಗ ಅವರು ಶಾಲೆಯಲ್ಲಿರುತ್ತಾರೆ. ಈ ಕಸುಬಿನಲ್ಲಿ ಸಂಸಾರ ಸೋಲುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ವರ್ಷದ ಆರಂಭದಲ್ಲೇ, ಒಂದು ಮುಂಗಡವನ್ನೂ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ಮನೆಗಾಗಿ ಐದಾರು ದಿನ ಗುರುತು ಹಾಕಿಬಿಡು. ಮುಹೂರ್ತವಿಲ್ಲದ ದಿನಗಳನ್ನು ಮನೆಗೆ ಬಿಟ್ಟರೆ ಸಾಲದು, ಒಂದೆರಡು ಒಳ್ಳೆಯ ಮುಹೂರ್ತವನ್ನೂ ಬಿಡಬೇಕಾಗುತ್ತದೆ. ಪಿತೃಪಕ್ಷ, ಧನುರ್ಮಾಸ, ಗುರು-ಶುಕ್ರ ಅಸ್ತದ ದಿನಗಳಲ್ಲಿ ಮದುವೆ ಇರುವುದಿಲ್ಲ. ಅಧಿಕಮಾಸದ ಲೆಕ್ಕವನ್ನೂ ಮರೆಯಬೇಡ. 2026ರಲ್ಲಿ ಅಧಿಕ ಜ್ಯೇಷ್ಠ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಬೇಸಿಗೆಯ ಸೀಸನ್ನಿನಲ್ಲೇ ಒಂದು ತಿಂಗಳ ಮದುವೆಗಳು ಕೈಬಿಟ್ಟಂತೆ. ಅಂಥ ವರ್ಷ ಹೊಸ ಲೆನ್ಸಿಗೆ ಕಂತು ಕಟ್ಟಿಕೊಳ್ಳಬೇಡ.

ಇನ್ನು ದರದ ಮಾತು. ಪಕ್ಕದ ಸ್ಟುಡಿಯೋದವರು ಎಷ್ಟು ಹೇಳುತ್ತಾರೆ ಎಂದು ಕೇಳಿ ಅದಕ್ಕಿಂತ ಎರಡು ಸಾವಿರ ಕಡಿಮೆ ಹೇಳುವುದು ಹೊಸಬರ ರೂಢಿ. ಅದರ ಬದಲು ಗಂಟೆ ಲೆಕ್ಕ ಹಾಕು. ಮುಹೂರ್ತದ ದಿನ ಬೆಳಗಿನ ಐದರಿಂದ ಸಂಜೆ ನಾಲ್ಕು, ಆರತಕ್ಷತೆಗೆ ಐದು ಗಂಟೆ, ಒಟ್ಟು ಹದಿನಾರು. ಮೂರು ಸಾವಿರ ಫೋಟೋ ಇಳಿಸಿ ಆರಿಸಲು ನಾಲ್ಕು ಗಂಟೆ, ಬಣ್ಣ ತಿದ್ದಲು ಎಂಟು, ಮೂವತ್ತು ಶೀಟಿನ ಆಲ್ಬಂ ಜೋಡಿಸಲು ಶೀಟಿಗೆ ಕಾಲು ಗಂಟೆಯಂತೆ ಏಳೂವರೆ, ಮನೆಯವರು ಹೇಳುವ ತಿದ್ದುಪಡಿಗೆ ಎರಡೂವರೆ. ಸೇರಿದರೆ ಮೂವತ್ತೆಂಟು. ಆರ್ಡರು ನಲವತ್ತು ಸಾವಿರದ್ದು ಎಂದಿಟ್ಟುಕೋ. ವಿಡಿಯೋದವನಿಗೆ ಎಂಟು ಸಾವಿರ, ಆಲ್ಬಂ ಪ್ರಿಂಟಿಗೆ ಒಂಬತ್ತು, ವಿಡಿಯೋ ಎಡಿಟಿಂಗಿಗೆ ಐದು, ಓಡಾಟಕ್ಕೆ ಒಂದೂವರೆ, ಕ್ಯಾಮೆರಾ ಸವೆತಕ್ಕೆ ಮೂರು ಹೋದರೆ ಉಳಿಯುವುದು ಹದಿಮೂರೂವರೆ ಸಾವಿರ. ಗಂಟೆಗೆ ಸುಮಾರು ₹355. ಸ್ಟುಡಿಯೋ ಬಾಡಿಗೆ, ಕರೆಂಟು ಇದರಲ್ಲಿ ಇನ್ನೂ ಸೇರಿಲ್ಲ. ನಿನ್ನೂರಿನ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಸವೆತವನ್ನು ಯಾರೂ ಬರೆದಿಡುವುದಿಲ್ಲ. ವರ್ಷಕ್ಕೆ ಮೂವತ್ತು ಮದುವೆಯಾದರೆ 90,000 ಕ್ಲಿಕ್, ಒಂದೂವರೆ-ಎರಡು ಲಕ್ಷ ಕ್ಲಿಕ್ಕಿಗೆಂದು ಮಾಡಿದ ಶಟರ್ (ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಭಾಗ) ಎರಡೇ ವರ್ಷಕ್ಕೆ ಮುಗಿಯುವ ಹಂತಕ್ಕೆ ಬರುತ್ತದೆ.

ಈ ಮೂವತ್ತೆಂಟರಲ್ಲಿ ಇಪ್ಪತ್ತೆರಡು ಗಂಟೆ ಕಂಪ್ಯೂಟರಿನ ಮುಂದೆಯೇ ಹೋಗುತ್ತದೆ, ಅದೂ ಸಾಮಾನ್ಯವಾಗಿ ರಾತ್ರಿ. ಮಕ್ಕಳು ಮಲಗಿದ ಮೇಲೆ ಕೂತರೆ ಕಣ್ಣು ದಣಿದಿರುತ್ತದೆ, ಮುಖದ ಬಣ್ಣ ಕೆಂಪಿಗೆ ಜಾರಿದ್ದು ಗೊತ್ತಾಗುವುದಿಲ್ಲ, ಬೆಳಿಗ್ಗೆ ಮತ್ತೆ ತಿದ್ದಬೇಕು. ಎಡಿಟಿಂಗನ್ನು ಶಾಲೆಯ ಹೊತ್ತಿನಲ್ಲೇ, ಹತ್ತರಿಂದ ಮೂರೂವರೆಯೊಳಗೆ ಮುಗಿಸು. ಮದುವೆ ಮುಗಿದ ರಾತ್ರಿ ಮಾಡಬೇಕಾದದ್ದು ಒಂದೇ ಕೆಲಸ: ಕಾರ್ಡುಗಳನ್ನು ಎರಡು ಹಾರ್ಡ್ ಡಿಸ್ಕಿಗೆ ಇಳಿಸುವುದು. ಎಂಬತ್ತು ಜಿಬಿ ಒಂದು ಡಿಸ್ಕಿಗೆ ಇಳಿಯಲು ಒಳ್ಳೆಯ ಕಾರ್ಡ್ ರೀಡರಿನಲ್ಲಿ ಕಾಲು ಗಂಟೆ ಸಾಕು. ಒಂದು ಡಿಸ್ಕು ಮನೆಯಲ್ಲಿ, ಇನ್ನೊಂದು ಸ್ಟುಡಿಯೋದಲ್ಲಿ. ಎರಡೂ ತೆರೆದುಕೊಳ್ಳುತ್ತವೆಯೇ ಎಂದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡ. ಕಾಪಿ ಆಗುತ್ತಿರುವಾಗ ಕರೆಂಟ್ ಹೋದರೆ ಫೈಲು ಅರ್ಧಕ್ಕೇ ನಿಂತು ಕೆಡುತ್ತದೆ, ಹಾಗಾಗಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡ. ವಿಡಿಯೋ 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ತೆಗೆದರೆ ಗಂಟೆಗೆ 45 ಜಿಬಿ ಬೇಕು, ಡಿಸ್ಕ್ ಕೊಳ್ಳುವಾಗ ಅದನ್ನೂ ಸೇರಿಸಿಕೋ.

ಕ್ಯಾಮೆರಾ ಯಾವ ಕಂಪನಿಯದಾದರೂ ಸರಿ, ಎರಡು ಕಾರ್ಡ್ ಹಿಡಿಯುವಂಥದ್ದಿರಲಿ. ಒಂದೇ ಫೋಟೋ ಎರಡೂ ಕಾರ್ಡಿಗೆ ಹೋಗಲಿ. ಲೆನ್ಸ್ ಬಿಟ್ಟು ಕ್ಯಾಮೆರಾದ ಬಾಡಿ ಎರಡು ಬೇಕೇ ಬೇಕು, ಎರಡನೆಯದು ಹಳೆಯದಾದರೂ ಪರವಾಗಿಲ್ಲ. ಹೊರಡುವ ಮುನ್ನ ಎರಡರ ಗಡಿಯಾರವನ್ನೂ ಒಂದೇ ನಿಮಿಷಕ್ಕೆ ಹೊಂದಿಸು. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಸಪ್ತಪದಿ ಮುಗಿದ ಮೇಲೆ ಅಂತರಪಟ ಬರುತ್ತದೆ, ಸರಿಪಡಿಸಲು ಅರ್ಧ ದಿನ ಬೇಕು. 24-70 ಎಂಎಂ ಎಫ್ 2.8, 85 ಎಂಎಂ ಎಫ್ 1.8 ಲೆನ್ಸುಗಳು, ಎರಡು ಫ್ಲ್ಯಾಶ್, ಇಷ್ಟರಿಂದ ಶುರುಮಾಡಬಹುದು.

ನಮ್ಮ ಕಡೆಯ ಅಂಗಳದ ಮದುವೆಗಳಲ್ಲಿ ದೊಡ್ಡ ತೊಂದರೆ ಮೇಲಿನ ಬಟ್ಟೆಯದು. ಕೆಂಪು ಶಾಮಿಯಾನದಡಿ ಎಲ್ಲರ ಮುಖವೂ ಕೆಂಪು, ನೀಲಿ ಟಾರ್ಪಾಲಿನಡಿ ಎಲ್ಲರೂ ಕಾಯಿಲೆಯವರಂತೆ. ಅಲ್ಲಿ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಹೊಡೆದರೆ ಅದೇ ಬಣ್ಣ ಇನ್ನಷ್ಟು ಕೆಳಗಿಳಿಯುತ್ತದೆ. ಸಣ್ಣ ಬಿಳಿ ಛತ್ರಿಯೊಳಗೆ ಫ್ಲ್ಯಾಶ್ ಇಟ್ಟು ಪಕ್ಕದಿಂದ ಕೊಡು. ಚಪ್ಪರ ಹಾಕುವ ಮೊದಲೇ ಮನೆಯವರಿಗೆ ಫೋನ್ ಮಾಡಿ ಮಂಟಪದ ಮೇಲಾದರೂ ಬಿಳಿ ಬಟ್ಟೆ ಕಟ್ಟಿಸಿ ಎಂದು ಹೇಳಿದರೆ ಇನ್ನೂ ಒಳ್ಳೆಯದು. ಪೇಟೆಯ ಛತ್ರದಲ್ಲಿ ಕಾಟ ಎಲ್‌ಇಡಿ ದೀಪದ್ದು. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರ್ ವೇಗ 1/250 ಸೆಕೆಂಡಿಗೆ ಹೋದರೆ ಫೋಟೋದಲ್ಲಿ ಅಡ್ಡಪಟ್ಟೆ ಬೀಳುತ್ತದೆ, 1/100ಕ್ಕೆ ಇಳಿಸು.

ಧಾರೆಗೆ ಹತ್ತು ನಿಮಿಷ ಮೊದಲು ಪುರೋಹಿತರನ್ನು ಕಂಡು, ವರ ಯಾವ ಮುಖವಾಗಿ ನಿಲ್ಲುತ್ತಾನೆ, ಮಾಂಗಲ್ಯ ಕಟ್ಟುವಾಗ ಯಾವ ಕಡೆ ಜಾಗ ತೆರವಿರುತ್ತದೆ ಎಂದು ಕೇಳಿಕೋ. ಮನೆಯಿಂದ ಮನೆಗೆ ಕ್ರಮ ಬೇರೆ. ವಿಡಿಯೋದವನ ಜೊತೆಯೂ ಆಗಲೇ ಜಾಗ ಹಂಚಿಕೊಂಡುಬಿಡು. ಗಟ್ಟಿಮೇಳ ಶುರುವಾದ ಕೂಡಲೇ ಅಕ್ಷತೆ ಹಾರುತ್ತದೆ, ಫೋಕಸ್ ಅಕ್ಕಿಕಾಳಿನ ಹಿಂದೆ ಓಡುತ್ತದೆ. ಮುಖಕ್ಕೆ ಮೊದಲೇ ಫೋಕಸ್ ಹಿಡಿದು ಲಾಕ್ ಮಾಡು, ಲೆನ್ಸಿನ ತೆರವನ್ನು (ಅಪರ್ಚರ್) ಎಫ್ 4ರಿಂದ 5.6ರೊಳಗೆ ಇಟ್ಟರೆ ಇಬ್ಬರ ಮುಖವೂ ಸ್ಪಷ್ಟ. ಊಟಕ್ಕೆ ಮೊದಲು ಅಜ್ಜ-ಅಜ್ಜಿಯರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ ಒಬ್ಬೊಬ್ಬರದ್ದೇ ಫೋಟೋ ತೆಗೆ. ಯಾರೂ ಕೇಳಿರುವುದಿಲ್ಲ, ಆದರೂ ತೆಗೆ. ಕೆಲವು ವರ್ಷಗಳ ನಂತರ ಮನೆಯವರು ಹುಡುಕಿಕೊಂಡು ಬರುವುದು ಆ ಫೋಟೋಕ್ಕೆ.

ಆರತಕ್ಷತೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಘಾಟಿ ರಸ್ತೆಯಲ್ಲಿ ನೀನೇ ಗಾಡಿ ಓಡಿಸಿಕೊಂಡು ಬರಬೇಡ. ಡ್ರೈವರಿನ ಖರ್ಚನ್ನು ದರದಲ್ಲೇ ಸೇರಿಸು.

ಆಲ್ಬಂ ವಿಷಯದಲ್ಲಿ ಹಣ ಸಿಕ್ಕಿಹಾಕಿಕೊಳ್ಳುವುದು ಹೀಗೆ: ಮದುಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಫೋಟೋ ಆರಿಸಿ ಕಳಿಸಲು ವರ್ಷವಾಗುತ್ತದೆ, ಬಾಕಿಯೂ ಅಲ್ಲೇ ನಿಲ್ಲುತ್ತದೆ. ಒಪ್ಪಂದದಲ್ಲೇ ಬರೆದುಕೋ: ಬುಕಿಂಗಿಗೆ ಮೂರನೇ ಒಂದು ಭಾಗ, ಮುಹೂರ್ತದ ದಿನ ಇನ್ನೊಂದು, ಪ್ರಿಂಟಿಗೆ ಕಳಿಸುವ ಮೊದಲು ಉಳಿದದ್ದು; 45 ದಿನದೊಳಗೆ ಆರಿಸದಿದ್ದರೆ ನೀನೇ ಆರಿಸುವುದು. 12×36 ಇಂಚಿನ ಶೀಟು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 10,800×3,600 ಪಿಕ್ಸೆಲ್. ನಡುವೆ 18ನೇ ಇಂಚಿನಲ್ಲಿ ಮಡಿಕೆ ಬರುತ್ತದೆ, ಅಲ್ಲಿ ಯಾರ ಮುಖವೂ ಬೇಡ.

ಇನ್ನೊಂದು ಮುಖ್ಯ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದ್ದೇ. ಮದುಮಗಳ ಫೋಟೋ ಇನ್‌ಸ್ಟಾಗ್ರಾಂಗೆ ಹಾಕಬೇಕೆಂದರೆ ಲಿಖಿತ ಒಪ್ಪಿಗೆ ತೆಗೆದುಕೋ. ಡ್ರೋನ್ ಕೇಳುವವರೂ ಇದ್ದಾರೆ. 250 ಗ್ರಾಂ ಮೀರಿದ್ದನ್ನು ಹಣ ಪಡೆದು ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು.

ಮದುವೆಗಿಂತ ಪೋರ್ಟ್ರೇಟ್ ಕೆಲಸ ಸಂಸಾರಕ್ಕೆ ಹೊಂದುತ್ತದೆ, ಸಣ್ಣದೆಂದು ಅಸಡ್ಡೆ ಮಾಡಬೇಡ. ಜೂನ್‌ನಲ್ಲಿ ಶಾಲೆ-ಕಾಲೇಜು ಸೇರುವವರು ಪಾಸ್‌ಪೋರ್ಟ್ ಸೈಜಿಗೆ ಬರುತ್ತಾರೆ, 35×45 ಮಿ.ಮೀ. ಅಳತೆಯವು 4×6 ಇಂಚಿನ ಹಾಳೆಯಲ್ಲಿ ಎಂಟು ಕೂರುತ್ತವೆ. ಒಂದು ಸಾಫ್ಟ್‌ಬಾಕ್ಸ್ (ಬಿಳಿ ಬಟ್ಟೆ ಹೊದಿಸಿದ ದೀಪ) 45 ಡಿಗ್ರಿಯಲ್ಲಿ, ಬೆಳಕು ಹಿಂದಿರುಗಿಸಲು ಎದುರು ಬದಿಗೆ ಥರ್ಮಾಕೋಲ್ ಹಲಗೆ, ಪರದೆಯಿಂದ ಐದಡಿ ಮುಂದೆ ಸ್ಟೂಲು. ಕನ್ನಡಕ ಹೊಳೆದರೆ ದೀಪ ಎತ್ತರಿಸು. ಬಾಣಂತಿಯನ್ನು ಸ್ಟುಡಿಯೋಕ್ಕೆ ಕರೆಸಬೇಡ, ನೀನೇ ಮನೆಗೆ ಹೋಗಿ ಕಿಟಕಿಯ ಪಕ್ಕ ತೆಗೆ. ಮಗುವಿಗೆ ಹಾಲು ಕುಡಿಸಿದ ಮೇಲೆ ಸಿಗುವ ಅರ್ಧ ಗಂಟೆ ನಿನ್ನದು.

ಮಲೆನಾಡಿನ ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟರೆ ಒಳಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ತೇವದ ಮೀಟರು. ಮುಳ್ಳು ಶೇಕಡಾ 40-50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕು. ಜೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡು, ಚಾರ್ಜಿಗೆ ಹಾಕಿದ ಬ್ಯಾಟರಿಗಳನ್ನೂ ಅಷ್ಟೇ.

ಒಪ್ಪಂದದ ಕರಡು ಬರೆದು ಕಳಿಸು. ಲತಾಳಿಗೂ ಓದಲು ಹೇಳು, ದಿನಾಂಕ ಗೊತ್ತುಮಾಡುವ ಸಾಲಿನಲ್ಲಿ ಅವಳ ಒಪ್ಪಿಗೆಯೂ ಬೇಕು.

ನಿನ್ನ,
ಸುಬ್ಬು