ಕಡ್ಡಿಗಿಂತ ಮೊದಲು ವಿಸಿಆರ್ ನೋಡಿ

ಮಾನ್ಯರೇ,

ಮದುವೆ, ಉಪನಯನಗಳ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಟವರು ಮೊದಲು ಕೊಳ್ಳುವುದು ಟೇಪಿನ ಚಿತ್ರವನ್ನು ಕಂಪ್ಯೂಟರ್ ಫೈಲ್ ಮಾಡುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ. ಆದರೆ ಚಿತ್ರ ಕೆಡುವುದು ಬಹುಪಾಲು ಅದಕ್ಕೂ ಮುಂಚೆ, ಟೇಪ್ ಓಡಿಸುವ ಯಂತ್ರವಾದ ವಿಸಿಆರ್‌ನಲ್ಲೇ. ಜಪಾನಿನ ಫುನಾಯ್ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಕೈಗೆ ಸಿಗುವುದು ಹಳೆಯವೇ.

ಕ್ಯಾಸೆಟ್‌ನ ಕಿಟಕಿಯಲ್ಲಿ ಟೇಪಿನ ಅಂಚು ಬೆಳ್ಳಗೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ತೇವಕ್ಕೆ ಇದು ಮಾಮೂಲು. ಅಂಥದ್ದನ್ನು ವಿಸಿಆರ್‌ಗೆ ಹಾಕಲೇಬೇಡಿ. ಟೇಪಿನಿಂದ ಚಿತ್ರ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಕ್ಯಾಸೆಟ್‌ಗೂ ಅಂಟುತ್ತದೆ. ಹೆಡ್ ಒರೆಸುವಾಗ ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಅದರ ಎಳೆ ಸಿಕ್ಕಿ ಹೆಡ್‌ನ ತುದಿ ಮುರಿಯಬಹುದು. ಎಳೆ ಬಿಡದ ಮೆತ್ತನೆ ಚರ್ಮದ ತುಂಡನ್ನು 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ, ಹೆಡ್ ಕೂರಿಸಿರುವ ಉರುಳೆಯಾದ ಡ್ರಮ್‌ಗೆ ಒತ್ತದೆ ತಾಗಿಸಿ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಬಾರದು.

ಸಣ್ಣ ಕ್ಯಾಸೆಟ್ ಎಂದ ಮಾತ್ರಕ್ಕೆ ಅದನ್ನು ವಿಸಿಆರ್‌ನಲ್ಲಿ ಕೂರಿಸುವ ಅಡಾಪ್ಟರ್ ಹುಡುಕಬೇಡಿ. ಅಡಾಪ್ಟರ್ ಇರುವುದು ವಿಎಚ್‌ಎಸ್‌ನ (ಸಾಮಾನ್ಯ ದೊಡ್ಡ ಕ್ಯಾಸೆಟ್) ಕಿರುರೂಪವಾದ ವಿಎಚ್‌ಎಸ್-ಸಿಗೆ ಮಾತ್ರ. ವಿಡಿಯೊ8, ಹೈ8 ಎಂಬ ಸಣ್ಣ ಕ್ಯಾಸೆಟ್‌ಗಳ ಟೇಪಿನ ಅಗಲವೇ 8 ಮಿ.ಮೀ., ವಿಎಚ್‌ಎಸ್‌ನದು ಅರ್ಧ ಇಂಚು. ಅವಕ್ಕೆ ಅದೇ ಜಾತಿಯ ಕ್ಯಾಮ್‌ಕಾರ್ಡರ್ ಬೇಕು. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಆಗಿರುತ್ತದೆ, ನಮ್ಮ ಪದ್ಧತಿಯಾದ ಪಾಲ್‌ನ ವಿಸಿಆರ್‌ನಲ್ಲಿ ಚಿತ್ರ ಉರುಳಬಹುದು, ಬಣ್ಣ ಹೋಗಬಹುದು.

ನಮ್ಮ ಟೇಪನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡುವಾಗ ಪಾಲ್, ಚಿತ್ರದ ಅಳತೆ 720x576, ಸೆಕೆಂಡಿಗೆ 25 ಫ್ರೇಮ್ ಇಟ್ಟುಕೊಳ್ಳಿ. ಗುಣಮಟ್ಟ ಕೆಡಿಸದೆ ಫೈಲನ್ನು ಕಿರಿದು ಮಾಡುವ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಕೊಡೆಕ್‌ನಲ್ಲಿ ಗಂಟೆಗೆ ಸುಮಾರು 30 ಜಿಬಿ ಬೇಕಾದೀತು, ಸ್ವಲ್ಪ ಗುಣ ಬಿಟ್ಟು ಇನ್ನೂ ಕಿರಿದು ಮಾಡುವ ಡಿವಿಯಲ್ಲಾದರೆ 13. ಡಿಇಂಟರ್‌ಲೇಸ್ (ಒಂದು ಬಿಟ್ಟು ಒಂದರಂತೆ ಬರುವ ಗೆರೆಗಳನ್ನು ಪೂರ್ಣ ಚಿತ್ರವಾಗಿಸುವುದು) ಈಗಲೇ ಬೇಡ, ಮೊಬೈಲಿಗೆ ಎಂಪಿ4 ಪ್ರತಿ ತೆಗೆಯುವಾಗ 50 ಫ್ರೇಮ್‌ಗೆ ಮಾಡಿಕೊಂಡರೆ ಚಲನೆ ನಯವಾಗಿರುತ್ತದೆ. ಮಾತಿಗೂ ತುಟಿಗೂ ಹೊಂದದೆ ಹೋದರೆ ಮೊದಲು ಡ್ರಾಪ್ಡ್ ಫ್ರೇಮ್ (ರೆಕಾರ್ಡ್ ಆಗದೆ ಬಿಟ್ಟುಹೋದ ಫ್ರೇಮ್) ಲೆಕ್ಕ ನೋಡಿ. ಹಳೆ ಟೇಪಿನ ಸಿಗ್ನಲ್ ಗೆರೆಗೆರೆಗೂ ತೂಗಾಡುತ್ತದೆ, ಅಗ್ಗದ ಕಡ್ಡಿ ಅದನ್ನು ತಾಳದೆ ಫ್ರೇಮ್ ನುಂಗುತ್ತದೆ. ಆ ತೂಗಾಟ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರುವ ಪ್ಲೇಯರ್ ಸಿಕ್ಕರೆ ಈ ಕಾಟ ಬಹಳಷ್ಟು ಕಡಿಮೆ.

ಸ್ಟುಡಿಯೊಗೆ ಕೊಡುವವರು ಡಿವಿಡಿಗೆ ತೃಪ್ತರಾಗದೆ, ಮತ್ತೆ ಸಂಕುಚಿಸದ ಮೂಲ ಫೈಲನ್ನೇ ಹಾರ್ಡ್‌ಡಿಸ್ಕ್‌ಗೆ ಹಾಕಿಸಿಕೊಳ್ಳಿ. ಕೊಡುವ ಮುನ್ನ ವಿಎಚ್‌ಎಸ್ ಕ್ಯಾಸೆಟ್‌ನ ಬೆನ್ನಂಚಿನ ಪ್ಲಾಸ್ಟಿಕ್ ಚೂರು ಮುರಿದಿರಲಿ. ಯಾರೋ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಟೇಪ್ ಅಳಿಯುವುದಿಲ್ಲ.

— ಹಳೆ ಟೇಪುಗಳ ಕೆಲಸ ಬಲ್ಲ ಓದುಗರು, ಮಂಗಳೂರು