ಸಿಡಿ ಚೇಂಜರ್ ಗುಜರಿಗೆ ಹಾಕುವ ಮುನ್ನ ಬೆಲ್ಟ್ ನೋಡಿ

ಮಾನ್ಯರೇ,

ಅಮೆರಿಕದಿಂದ ಊರಿಗೆ ಮರಳುವವರ ಸಾಮಾನಿನಲ್ಲಿ, ಹಳೆಯ ಆಡಿಯೊ ಮಾರುವವರ ಅಂಗಡಿಯ ಮೂಲೆಯಲ್ಲಿ ತಾನೇ ಡಿಸ್ಕ್ ಬದಲಿಸಿಕೊಂಡು ಹಾಡುವ, ದೊಡ್ಡ ಕಪ್ಪು ಪೆಟ್ಟಿಗೆಯಂಥ ಸಿಡಿ ಚೇಂಜರ್‌ಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಐದಾರು ಡಿಸ್ಕಿನ ಸಣ್ಣವಲ್ಲ. 200, 300, 400 ಡಿಸ್ಕ್‌ಗಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವಂಥವು. ಸೋನಿಯ ಸಿಡಿಪಿ-ಸಿಎಕ್ಸ್355ರಲ್ಲಿ 300 ಖಾನೆ, ಸಿಎಕ್ಸ್455ರಲ್ಲಿ 400. ಪಯೊನಿಯರ್‌ನ ಪಿಡಿ-ಎಫ್1009ರಲ್ಲಿ 300, ಮೇಲೊಂದು. ಇವು ‘ಹೋಗಿವೆ’ ಎಂದು ಗುಜರಿಯವರ ತಕ್ಕಡಿ ಏರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವುಗಳಲ್ಲಿ ಬಹಳಷ್ಟಕ್ಕೆ ಇರುವ ಕಾಯಿಲೆ ಒಂದೇ: ರಬ್ಬರ್ ಬೆಲ್ಟ್ ಸಡಿಲಾಗಿದೆ.

ಒಳಗಿನ ವ್ಯವಸ್ಥೆ ಅಂಥ ಗಹನವಾದದ್ದೇನಲ್ಲ. ದೊಡ್ಡ ಪ್ಲಾಸ್ಟಿಕ್ ಚಕ್ರ. ಅದರ ಅಂಚಿನ ಸುತ್ತ ಖಾನೆಗಳು. ಖಾನೆಗೊಂದರಂತೆ ನಿಂತಿರುವ ಡಿಸ್ಕ್. ಕೇಳಿದ ಅಂಕಿಯ ಖಾನೆ ಎದುರಿಗೆ ಬರುವವರೆಗೆ ಒಂದು ಮೋಟರು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಮೋಟರು ಡಿಸ್ಕನ್ನು ಖಾನೆಯಿಂದ ಎತ್ತಿ ಓದುವ ಜಾಗಕ್ಕೆ ಒಯ್ಯುತ್ತದೆ. ಡಿಸ್ಕ್ ನಿಂತೇ ಸುತ್ತುತ್ತದೆ. 400 ಡಿಸ್ಕ್ ಇದ್ದರೂ ಲೇಸರ್ ಒಂದೇ. ಒಂದು ಸಿಡಿಯ ತೂಕ 15-16 ಗ್ರಾಂ. 400 ತುಂಬಿದರೆ ಆರು ಕಿಲೋ ದಾಟುತ್ತದೆ. ಅಷ್ಟನ್ನು ತಿರುಗಿಸಿ, ನಿಲ್ಲಿಸಿ, ಎತ್ತಿ, ಹಾಡು ಶುರುವಾಗುವಷ್ಟರಲ್ಲಿ ಹತ್ತಾರು ಸೆಕೆಂಡು ಹಿಡಿಯುವುದು ಸಹಜ. ಅದು ದೋಷವಲ್ಲ. ಆ ಮೌನ ಸಹಿಸದವರಿಗಾಗಿಯೇ ಸೋನಿಯವರು ಎರಡು ಚೇಂಜರ್‌ಗಳನ್ನು ತಂತಿಯಿಂದ ಜೋಡಿಸಿ, ಒಂದು ಹಾಡುತ್ತಿರುವಾಗ ಇನ್ನೊಂದು ಡಿಸ್ಕ್ ಹುಡುಕಿಟ್ಟುಕೊಳ್ಳುವ ಸೌಕರ್ಯ ಕೊಟ್ಟಿದ್ದರು. ಎರಡು ಪೆಟ್ಟಿಗೆಗೆ ಜಾಗ ಇರುವವರ ಮಾತು ಅದು.

ಇನ್ನು ಬೆಲ್ಟ್. ಬಾಗಿಲು ಅರ್ಧ ತೆರೆದು ನಿಲ್ಲುವುದು, ಮೋಟರಿನ ಸದ್ದು ಬಂದರೂ ಡಿಸ್ಕ್ ಮೇಲೇಳದಿರುವುದು, ಎತ್ತಿದ ಡಿಸ್ಕನ್ನು ಓದದೆ ಹಾಗೇ ವಾಪಸು ಇಡುವುದು, ಇವೆಲ್ಲ ಬೆಲ್ಟ್ ಜಾರುವ ಲಕ್ಷಣಗಳು. ಮೂರನೆಯದಕ್ಕೆ ಕೊಳೆಯಾದ ಲೆನ್ಸೂ ಕಾರಣವಿರಬಹುದು, ಆದರೆ ಮೊದಲು ನೋಡಬೇಕಾದ್ದು ಬೆಲ್ಟನ್ನೇ. ಪ್ಲಗ್ ಕಿತ್ತು, ಡಿಸ್ಕ್‌ಗಳನ್ನೆಲ್ಲ ತೆಗೆದು, ಮೇಲಿನ ತಗಡಿನ ಮುಚ್ಚಳ ಬಿಚ್ಚಿ. ಹಳೆಯ ಬೆಲ್ಟನ್ನು ಮೇಜಿನ ಮೇಲೆ ಎಳೆಯದೆ ಇಟ್ಟು ಒಳಸುತ್ತಳತೆ ತೆಗೆಯಿರಿ. ಅದು ಈಗಾಗಲೇ ಹಿಗ್ಗಿರುವುದರಿಂದ ಹೊಸದು ಶೇ 5ರಷ್ಟು ಚಿಕ್ಕದಿರಲಿ. ಅದಕ್ಕಿಂತ ಬಿಗಿಯಾದರೆ ಮೋಟರಿನ ಬುಷ್ (ಅಚ್ಚು ತಿರುಗುವ ಬಳೆ) ಸವೆಯುತ್ತದೆ. ಅಡ್ಡಕೊಯ್ತ ಚೌಕವೋ ಚಪ್ಪಟೆಯೋ ಎಂಬುದನ್ನೂ ಗಮನಿಸಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಈ ಯಂತ್ರದ ಹೆಸರು ಹೇಳಿ ಬೆಲ್ಟ್ ಕೇಳಿದರೆ ‘ಇಲ್ಲ’ ಎಂದಾರು. ಹಳೆಯದನ್ನು ಕೈಯಲ್ಲಿ ಹಿಡಿದು, ಕ್ಯಾಸೆಟ್ ಡೆಕ್ಕಿನ ಬೆಲ್ಟ್‌ಗಳಲ್ಲಿ ಈ ಅಳತೆಯದು ಕೊಡಿ ಎನ್ನಿ.

ಹೊಸದನ್ನು ಹಾಕುವ ಮುನ್ನ ಪುಲ್ಲಿಯ, ಅಂದರೆ ಬೆಲ್ಟ್ ಸುತ್ತುವ ಸಣ್ಣ ಚಕ್ರದ, ತೋಡನ್ನು ಒರೆಸಲೇಬೇಕು. ಹಳೆಯ ರಬ್ಬರ್ ಕರಗಿ ಡಾಂಬರಿನಂತೆ ಅಂಟಿಕೊಂಡಿದ್ದರೆ ಹೊಸ ಬೆಲ್ಟೂ ಒಂದೇ ವಾರದಲ್ಲಿ ಜಾರತೊಡಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಿವಿಕಡ್ಡಿ ಸಾಕು. ಪ್ಲಾಸ್ಟಿಕ್ ಹಲ್ಲುಚಕ್ರಗಳ ಗ್ರೀಸು ಮೇಣದಂತೆ ಗಟ್ಟಿಯಾಗಿದ್ದರೆ ಕೆರೆದು ತೆಗೆದು, ಪ್ಲಾಸ್ಟಿಕ್‌ಗೆ ಒಗ್ಗುವ ಸಿಂಥೆಟಿಕ್ ಗ್ರೀಸನ್ನು ಅಕ್ಕಿಕಾಳಿನಷ್ಟು ಹಚ್ಚಿ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಎಣ್ಣೆ ಹರಿದು ಬೆಲ್ಟಿಗೆ ತಾಗಿದರೆ ಮತ್ತೆ ಮೊದಲಿನಿಂದ ಕೆಲಸ.

ಅಮೆರಿಕದಿಂದ ಬಂದ ಯಂತ್ರ ಸಾಯುವ ಇನ್ನೊಂದು ಬಗೆ ಇದಕ್ಕಿಂತ ದುಃಖದ್ದು: ಬಂದ ದಿನವೇ 230 ವೋಲ್ಟಿನ ಗೋಡೆಯ ಸಾಕೆಟ್ಟಿಗೆ ಚುಚ್ಚುವುದು. ಹಿಂಬದಿಯ ಚೀಟಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಇಂಥ ಯಂತ್ರ ಎಳೆಯುವುದು ಸಾಮಾನ್ಯವಾಗಿ 20 ವಾಟಿನೊಳಗೆ. 100 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಧಾರಾಳ. ಮಿಕ್ಸಿಗೆಂದು ತಂದ 1,000 ವಾಟಿನದನ್ನು ಇದಕ್ಕೆ ಮೀಸಲಿಡುವ ಅಗತ್ಯವಿಲ್ಲ. ಟ್ರಾನ್ಸ್‌ಫಾರ್ಮರಿನಲ್ಲಿ 110 ಮತ್ತು 120 ಎರಡೂ ಇದ್ದರೆ 110ಕ್ಕೆ ಹಾಕಿ: 60 ಹರ್ಟ್ಸ್‌ಗೆ ಕಟ್ಟಿದ ಒಳಗಿನ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ವೋಲ್ಟೇಜ್ ತುಸು ಇಳಿದರೆ ಅದಕ್ಕೆ ಹಗುರ. ಹಾಡು ನಿಧಾನವಾಗುತ್ತದೆಂಬ ಭಯ ಬೇಡ. ರೆಕಾರ್ಡ್ ಪ್ಲೇಯರಿನ ಕೆಲವು ಮೋಟರುಗಳಿಗೆ ಆ ಮಾತು ನಿಜ. ಸಿಡಿಯ ವೇಗವನ್ನು ಒಳಗಿನ ಸ್ಫಟಿಕವೇ ಕಾಯುತ್ತದೆ, ಕರೆಂಟಿನ ಹರ್ಟ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಯಾವ ಡಿಸ್ಕ್ ತುಂಬಬೇಕು ಎನ್ನುವಲ್ಲಿ ನಮ್ಮವರು ಎಡವುವುದು ಹೆಚ್ಚು. ದಾಸರ ಪದ, ಭಾವಗೀತೆ, ಹಳೆಯ ಚಿತ್ರಗೀತೆ ಎಂದು ನೂರಾರು ಹಾಡು ತುಂಬಿ ಮಾರಿದ ಎಂಪಿ3 ಸಿಡಿಗಳು ಕನ್ನಡದ ಮನೆಗಳಲ್ಲಿ ರಾಶಿ ಇವೆ. ಹಾಡಿಗೆಂದೇ ಮಾಡಿದ ಹಳೆಯ ಚೇಂಜರ್‌ಗಳು ಇವನ್ನು ಓದುವುದಿಲ್ಲ. ಅವಕ್ಕೆ ಬೇಕಾದ್ದು ಆಡಿಯೊ ಸಿಡಿ. ಎಂಪಿ3 ಬೇಕಿದ್ದವರು ಸೋನಿಯ ಡಿವಿಪಿ-ಸಿಎಕ್ಸ್995ವಿ ಥರದ ಡಿವಿಡಿ ಚೇಂಜರ್ ಹುಡುಕಬೇಕು. ಮನೆಯಲ್ಲಿ ಬರೆದ ಸಿಡಿ-ಆರ್‌ಗಳು ಓದುತ್ತವೆ, ಆದರೆ ಅವುಗಳ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ ಮಾಸುತ್ತಾ ಹೋಗುವುದರಿಂದ ಮೊದಲು ತೊದಲುವುದೂ ಅವೇ. ಡಿಸ್ಕಿನ ಮೇಲೆ ಅಂಟಿಸಿದ ಕಾಗದದ ಲೇಬಲ್ಲಂತೂ ಚೇಂಜರಿನ ಶತ್ರು. ಮಳೆಗಾಲದಲ್ಲಿ ಅದರ ಅಂಚು ಏಳುತ್ತದೆ, ಖಾನೆಗೆ ಕಚ್ಚಿಕೊಳ್ಳುತ್ತದೆ, ಎತ್ತುವ ಕೈ ಮಧ್ಯದಲ್ಲೇ ನಿಲ್ಲುತ್ತದೆ. 8 ಸೆಂಟಿಮೀಟರಿನ ಪುಟ್ಟ ಸಿಡಿ, ಅದಕ್ಕೆ ಹಾಕುವ ಬಳೆ, ಹೃದಯದಾಕಾರದ ಮದುವೆ ಸಿಡಿ ಇವನ್ನೆಲ್ಲ ಹೊರಗೇ ಇಡಿ. ಕರಾವಳಿಯವರು ಡಿಸ್ಕ್‌ಗಳಿಗೆ ಬೂಷ್ಟು ಹಿಡಿದಿದೆಯೇ ಎಂದು ನೋಡಿ, ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿಯೇ ತುಂಬಬೇಕು. ಸುತ್ತುಸುತ್ತಾಗಿ ಒರೆಸಿ ಗೀರು ಬಿದ್ದರೆ ಲೇಸರಿನ ಹಾದಿಯುದ್ದಕ್ಕೂ ದತ್ತಾಂಶ ಹೋಗುತ್ತದೆ. ಅಡ್ಡ ಬಿದ್ದ ಗೀರನ್ನು ಯಂತ್ರ ಲೆಕ್ಕ ಹಾಕಿ ಸರಿಪಡಿಸಿಕೊಳ್ಳಬಲ್ಲದು. ಬ್ರಷ್ ಇರುವ ಲೆನ್ಸ್ ಕ್ಲೀನರ್ ಡಿಸ್ಕನ್ನು ಈ ಯಂತ್ರಕ್ಕೆ ಹಾಕಬೇಡಿ.

ಡಿಸ್ಕ್ ಸಿಕ್ಕಿಕೊಂಡಾಗ ಗುಂಡಿ ಒತ್ತುತ್ತಲೇ ಇರಬಾರದು. ಪ್ಲಗ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಸಾಮಾನ್ಯವಾಗಿ ಕಾಣುವುದು ಒಂದೇ ಖಾನೆಯಲ್ಲಿ ಎರಡು ಡಿಸ್ಕ್, ಇಲ್ಲವೇ ಖಾನೆ ತಪ್ಪಿ ಚಕ್ರದ ಹಿಂದೆ ಬಿದ್ದ ಒಂದು. ತುಂಬಿದ ಚೇಂಜರನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋದ ಮೇಲೆಯೇ ಹೀಗಾಗುವುದು ಹೆಚ್ಚು. ಬೇಸರವಾದರೂ ಸರಿ, ಖಾಲಿ ಮಾಡಿಯೇ ಸಾಗಿಸಿ.

ಡಿಸ್ಕಿನ ಹೆಸರನ್ನು ಯಂತ್ರದಲ್ಲಿ ಬರೆದಿಡುವ ಅನುಕೂಲ ಇದೆ, ಕೆಲವಕ್ಕೆ ಕಂಪ್ಯೂಟರಿನ ಹಳೆಯ ಕೀಬೋರ್ಡ್ ಕೂಡ ಜೋಡಿಸಬಹುದು. ಆದರೆ ಅಕ್ಷರ ಇಂಗ್ಲಿಷಿನವು, ಅದೂ ಹತ್ತು ಹದಿನೈದು. ‘ಪುರಂದರದಾಸರ ಕೃತಿಗಳು, ಭಾಗ 2’ ಎಂಬುದನ್ನು ಅಷ್ಟರಲ್ಲಿ ತುರುಕಲು ಹೋದರೆ ನಾಳೆ ನಮಗೇ ಅರ್ಥವಾಗದು. ಪ್ಲಗ್ ಕಿತ್ತು ಬಹಳ ಕಾಲ ಬಿಟ್ಟರೆ ಆ ನೆನಪೂ ಅಳಿಸಿಹೋಗುತ್ತದೆ. ಆದ್ದರಿಂದ ಉದ್ದನೆಯ ರಿಜಿಸ್ಟರ್ ಪುಸ್ತಕವೇ ವಾಸಿ: ಖಾನೆಯ ಅಂಕಿ, ಹೆಸರು, ಹಾಡಿದವರು, ಅಷ್ಟೆ. ಅಕಾರಾದಿಯಾಗಿ ಜೋಡಿಸಲು ಹೋಗಬೇಡಿ. ಹೊಸ ಡಿಸ್ಕ್ ಬಂದಾಗಲೆಲ್ಲ ನೂರು ಡಿಸ್ಕ್ ಸರಿಸಬೇಕಾದೀತು. 1ರಿಂದ 60 ಕರ್ನಾಟಕ ಸಂಗೀತ, 71ರಿಂದ ಹಿಂದುಸ್ತಾನಿ ಎಂಬಂತೆ ನಡುವೆ ಹತ್ತು ಖಾನೆ ಖಾಲಿ ಬಿಟ್ಟು ಪಾಲು ಮಾಡಿ. ಖಾಲಿಯಾದ ಸಿಡಿ ಪೆಟ್ಟಿಗೆಗಳ ಮೇಲೂ ಅದೇ ಅಂಕಿ ಬರೆದು ರಟ್ಟಿನ ಡಬ್ಬಿಯಲ್ಲಿಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ ಬೇಕು. ಚೇಂಜರ್ ಒಳ್ಳೆಯ ಹಾಡುಗಾರ, ಆದರೆ ನಂಬಿಕೆಯ ಕಪಾಟಲ್ಲ. ಮತ್ತೆಲ್ಲೂ ಸಿಗದ ಡಿಸ್ಕ್‌ಗಳನ್ನು ಒಳಗಿಡುವ ಮೊದಲು ಕಂಪ್ಯೂಟರಿಗೆ ಫ್ಲ್ಯಾಕ್ (ಧ್ವನಿ ಕೆಡದಂತೆ ಕಡತವನ್ನು ಕುಗ್ಗಿಸುವ ಬಗೆ) ರೂಪದಲ್ಲಿ ಇಳಿಸಿಕೊಳ್ಳಿ. ತಲಾ ಒಂದು ಗಂಟೆಯ 300 ಡಿಸ್ಕ್ ಹಾಗೇ ಇಳಿಸಿದರೆ ಸುಮಾರು 190 ಜಿಬಿ. ಫ್ಲ್ಯಾಕ್‌ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಚೇಂಜರಿಗೆ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಅದನ್ನು, ಡಿಜಿಟಲ್ ಸಂಕೇತವನ್ನು ಧ್ವನಿಯಾಗಿಸುವ ಹೊರಗಿನ ಡ್ಯಾಕ್‌ಗೆ ಕೊಡಿ. ಹಳೆಯ ಯಂತ್ರದ ಧ್ವನಿಯ ಬಗ್ಗೆ ಗೊಣಗುವವರ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ಕೊಳ್ಳಲು ಹೋಗುವವರು ಮೂರು ಒಳ್ಳೆಯ ಆಡಿಯೊ ಸಿಡಿ ಜೊತೆಗೊಯ್ಯಲಿ. 1, 150, 300ನೇ ಖಾನೆಯಲ್ಲಿಟ್ಟು ಪ್ರತಿಯೊಂದರ ಮೊದಲ ಮತ್ತು ಕೊನೆಯ ಹಾಡು ಹಾಕಿಸಿ. ಸಿಡಿ ಒಳಗಿನಿಂದ ಹೊರಕ್ಕೆ ಓದುವುದರಿಂದ, ಮೊದಲನೆಯದು ಸರಿಯಾಗಿ ಬಂದು ಕೊನೆಯದು ಮಾತ್ರ ಹಾರುತ್ತಿದ್ದರೆ ತೊಂದರೆ ಲೇಸರ್ ಸರಿದಾಡುವ ಹಳಿಯಲ್ಲೋ ಡಿಸ್ಕ್ ತಿರುಗಿಸುವ ಮೋಟರಿನಲ್ಲೋ ಇದೆ. ಒಂದೂ ಓದದಿದ್ದರೆ ಲೇಸರಿನ ಖರ್ಚು ಕಳೆದು ಬೆಲೆ ಕೇಳಿ. ಬಾಗಿಲೇ ತೆರೆಯದಿದ್ದರೆ, ಅಂಗಡಿಯವರು ‘ಸತ್ತಿದೆ’ ಎಂದು ಹೇಳುವ ದರಕ್ಕೆ ಮರುಮಾತಾಡದೆ ತಂದುಕೊಳ್ಳಿ.

– ಆಡಿಯೊ ರಿಪೇರಿ ಕಸುಬಿನ ಓದುಗ, ಶಿವಮೊಗ್ಗ